ದೇವರನ್ನು ಬೈಯಲು ಹೋದ ಚಿಗವ್ವ

ಚಿಗವ್ವ ಕಣ್ಣೀರನ್ನು ಕೈಯಿಂದ ಒರೆಸಿಕೊಳ್ಳುತ್ತಿರಲಿಲ್ಲ. ತಲೆ ಓರೆ ಮಾಡಿ, ಭುಜ ಮೇಲೆತ್ತಿ, ರವಿಕೆಯ ತೋಳಿಗೆ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರೆಲ್ಲ ಹಾಗೆಯೇ ಮಾಡುತ್ತಾರೆ. ನಮ್ಮೂರಿನ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೊಗಳುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಗೋದಾಮಿನ ನೆಲದ ಮೇಲೆ ಕುಳಿತು ತೊಟ್ಟು ಮುರಿಯುವ ಬೆರಳುಗಳು ಆ ಮಾತನ್ನು ಒಪ್ಪುವುದಿಲ್ಲ. ಚಿಗವ್ವನ ಬೆರಳ ತುದಿಗಳು ಯಾವಾಗಲೂ ಕೆಂಪಗೆ ಊದಿಕೊಂಡಿರುತ್ತಿದ್ದವು. ಉಗುರಿನ ಸುತ್ತ ಚರ್ಮ ಸುಲಿದಿರುತ್ತಿತ್ತು. ಎಷ್ಟು ತೊಳೆದರೂ, ಎಷ್ಟು ಕೊಬ್ಬರಿ ಎಣ್ಣೆ ಹಚ್ಚಿದರೂ ಉರಿ ಹೋಗುತ್ತಿರಲಿಲ್ಲ. ನನ್ನ ಮಗಳು ಕೂಸಾಗಿದ್ದಾಗ ಅದರ ಕೆನ್ನೆಯನ್ನು ಆಕೆ ಒಮ್ಮೆಯೂ ಕೈಯಿಂದ ಮುಟ್ಟಲಿಲ್ಲ. ಮೊಣಕೈ ಮಡಚಿ, ಅದರ ಮೇಲುಭಾಗದಿಂದ ಮೆಲ್ಲಗೆ ಸವರುತ್ತಿದ್ದಳು. ಕೂಸು ಅದನ್ನೇ ಮುದ್ದು ಎಂದು ತಿಳಿದು ನಗುತ್ತಿತ್ತು.

ಆಕೆ ನನಗೆ ರಕ್ತಸಂಬಂಧಿಯಲ್ಲ. ತಾಯಿಯ ತಂಗಿಯನ್ನು ನಮ್ಮ ಕಡೆ ಚಿಗವ್ವ ಎನ್ನುತ್ತಾರೆ. ನನ್ನ ಗಂಡ ಸಣ್ಣವರಿದ್ದಾಗಿನಿಂದ ಎರಡು ಮನೆಯಾಚೆಯ ಈ ಹೆಂಗಸನ್ನು ಹಾಗೆ ಕರೆಯುತ್ತಿದ್ದರು. ಮದುವೆಯಾಗಿ ರಾಣೇಬೆನ್ನೂರಿನಿಂದ ಬಂದ ನನಗೂ ಆಕೆ ಚಿಗವ್ವನೇ ಆದಳು. ನಮ್ಮದೂ ಅವರದೂ ಒಂದೇ ಸಭೆ. ಊರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ತಗಡು ಹೊದಿಸಿದ ಒಂದು ಪ್ರಾರ್ಥನಾ ಮಂದಿರ, ಅದರ ಹಿಂದೆ ಪಾಸ್ಟರು ಮತ್ತು ಪಾಸ್ಟರಮ್ಮ ಇರುವ ಎರಡು ಕೋಣೆಯ ಮನೆ, ಇಷ್ಟೇ ನಮ್ಮ ಲೋಕ. ಆದರೆ ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಚಿಗವ್ವ ಅಲ್ಲಿಗೆ ಬರುತ್ತಿರಲಿಲ್ಲ. ರವಿವಾರ ನಾವು ಆರಾಧನೆಗೆ ಹೊರಟರೆ ಆಕೆ ಬಾಗಿಲು ಹಾಕಿಕೊಂಡು ಒಳಗೆ ಕೂಡುತ್ತಿದ್ದಳು. ಯಾಕೆ ಎಂದು ಕೇಳಿದಾಗ ನನ್ನ ಗಂಡ ತಗ್ಗಿದ ದನಿಯಲ್ಲಿ ಹೇಳಿದ್ದರು.

ನನ್ನ ಮದುವೆಗೆ ಒಂದು ವರ್ಷ ಮೊದಲು ನಡೆದದ್ದು. ಒಂದು ರವಿವಾರ ಆರಾಧನೆ ಮುಗಿಸಿ ಚಿಗವ್ವ, ಆಕೆಯ ಗಂಡ, ಹನ್ನೊಂದು ಮತ್ತು ಎಂಟು ವರ್ಷದ ಇಬ್ಬರು ಗಂಡುಮಕ್ಕಳು ಒಂದೇ ಬೈಕಿನ ಮೇಲೆ ಹಲಗೇರಿ ಹತ್ತಿರದ ಹೊಲಕ್ಕೆ ಊಟಕ್ಕೆ ಹೋಗಿದ್ದರು. ಹೊಲ ಚಿಗವ್ವನ ಸ್ವಂತ ತಂಗಿಯದು. ಅಲ್ಲಿ ಹೊಸದಾಗಿ ಕೃಷಿ ಹೊಂಡ ತೋಡಿಸಿದ್ದರು. ನೀರು ಇಂಗದಿರಲಿ ಎಂದು ಅಂಥ ಹೊಂಡದ ತಳಕ್ಕೂ ಬದಿಗೂ ಕರಿ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಜಾರಿದವನಿಗೆ ಅಲ್ಲಿ ಕಾಲೂರಲು ನೆಲವಿಲ್ಲ, ಕೈಗೆ ಸಿಗಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಚಿಕ್ಕವನು ಕೈ ತೊಳೆಯಲೆಂದು ಬಗ್ಗಿದ. ದೊಡ್ಡವನು ತಮ್ಮನನ್ನು ಹಿಡಿಯಲು ಹೋದ. ಅವರಪ್ಪ ಹೊಳೆಯಲ್ಲಿ ಈಜಿ ಬೆಳೆದವನು. ಓಡಿಬಂದವನೇ ಹಾರಿದ.

ಚಿಗವ್ವ ಕೂಗಳತೆಯಲ್ಲಿ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದಳು. ಓಡಿ ಬಂದು ಸೀರೆ ಬಿಚ್ಚಿ ಒಂದು ತುದಿಯನ್ನು ನೀರಿಗೆ ಎಸೆದಳು. ಗಂಡ ಅದನ್ನು ಹಿಡಿದ. ಎರಡು ಸಲ ಹಿಡಿದ. ಅವನ ಕೊರಳಿಗೆ ಎರಡೂ ಮಕ್ಕಳು ಜೋತುಬಿದ್ದಿದ್ದವು. ಮೂವರ ಭಾರಕ್ಕೆ ಚಿಗವ್ವ ತಾನೇ ಬದಿಯ ಮೇಲೆ ಜಾರತೊಡಗಿದಾಗ ತಂಗಿ ಹಿಂದಿನಿಂದ ಸೊಂಟ ಹಿಡಿದು ಎಳೆದುಬಿಟ್ಟಳು. ಸೀರೆ ಕೈಯಿಂದ ಹೋಯಿತು. ಪಕ್ಕದ ಹೊಲದವರು ಹಗ್ಗ ತಂದಾಗ ಹೊಂಡದ ನೀರು ಸುಮ್ಮನೆ ನಿಂತಿತ್ತು.

ಮೂರನೆಯ ದಿನದ ಪ್ರಾರ್ಥನೆಗೆ ಬೇರೆ ಊರಿನ ಬೋಧಕರೊಬ್ಬರು ಬಂದಿದ್ದರಂತೆ. ದೇವರ ತೋಟಕ್ಕೆ ಹೂ ಬೇಕಾಗಿದ್ದವು, ಅದಕ್ಕೇ ಕಿತ್ತುಕೊಂಡ ಎಂದು ಅವರು ಹೇಳಿದರು. ಕುಳಿತಿದ್ದ ಚಿಗವ್ವ ಎದ್ದು ನಿಂತಳು. "ಹೂ ಬೇಕಾಗಿದ್ರ ತಾನ ಬೆಳಕೊಬೇಕಿತ್ರಿ. ನಾ ಬೆಳಸಿದ್ದು ಯಾಕ ಕಿತ್ತ?" ಎಂದು ಕೇಳಿ ಹೊರಗೆ ನಡೆದಳು. ಆಮೇಲೆ ಮೂರು ವರ್ಷ ಮಂದಿರದ ಹೊಸ್ತಿಲು ತುಳಿಯಲಿಲ್ಲ. ತಂಗಿಯ ಜೊತೆಗೂ ಮಾತು ನಿಲ್ಲಿಸಿದಳು. ತಂಗಿ ಬಂದು ಬಾಗಿಲಲ್ಲಿ ನಿಂತು ಅತ್ತರೆ ಆಕೆ ಕೇಳುತ್ತಿದ್ದದ್ದು ಒಂದೇ, ಯಾಕೆ ಎಳೆದೆ ಎಂದು.

ಮೂರು ವರ್ಷದ ಮೇಲೆ ಆಕೆ ಮತ್ತೆ ಬರತೊಡಗಿದಳು. ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿ ಕೂಡುತ್ತಿದ್ದಳು. ಹಾಡುತ್ತಿರಲಿಲ್ಲ. ಸಂತೋಷದ ಮಾತು ಬಂದಾಗ ನೆಲ ನೋಡುತ್ತಿದ್ದಳು. ಕೊನೆಯ ಆಶೀರ್ವಾದಕ್ಕೆ ಎಲ್ಲರೂ ತಲೆ ಬಾಗಿಸಿದರೆ ಆಕೆ ತಲೆ ಎತ್ತಿ ಗೋಡೆಯ ಮೇಲಿನ ಮರದ ಶಿಲುಬೆಯನ್ನು ದಿಟ್ಟಿಸುತ್ತಿದ್ದಳು. ಆಕೆ ಹೇಗೆ ಹಿಂದಿರುಗಿದಳು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದೂ ಅನಿಸಿರಲಿಲ್ಲ. ಪ್ರಾಯದಲ್ಲಿ, ಗಂಡ ಮಗಳ ಜೊತೆ ಸುಖವಾಗಿರುವವಳಿಗೆ ಅಂಥ ಪ್ರಶ್ನೆಗಳು ಹುಟ್ಟುವುದಿಲ್ಲ.

ನನ್ನ ಗಂಡನದು ಪಂಪ್‌ಸೆಟ್ ಮೋಟಾರುಗಳ ತಂತಿ ಸುತ್ತುವ ಅಂಗಡಿ. ಮಳೆಗಾಲ ಮುಗಿಯುತ್ತಿದ್ದ ಒಂದು ಶನಿವಾರ ಹೊಸರಿತ್ತಿ ಕಡೆಯ ಹೊಲವೊಂದಕ್ಕೆ ಕೆಲಸಕ್ಕೆ ಹೋದರು. ಎರಡು ರೊಟ್ಟಿ, ಝುಣಕ ತಿಂದು, ಮಗಳ ತಲೆ ಸವರಿ, ಊಟಕ್ಕೆ ಬರುತ್ತೇನೆಂದು ಹೇಳಿ ಹೋದರು. ಅಲ್ಲಿ ಕರೆಂಟು ಹೋಗಿತ್ತು. ಫ್ಯೂಸ್ ತೆಗೆಯದೆ ಅವರು ಎಂದೂ ತಂತಿ ಮುಟ್ಟಿದವರಲ್ಲ. ಅವತ್ತು ಮರೆತಿದ್ದರು. ಕೈ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಇರುವಾಗ ಕರೆಂಟು ಬಂತು. ಅಷ್ಟೇ. ಬೈಯಲು ಒಬ್ಬ ಮನುಷ್ಯನೂ ಸಿಗದಂಥ ಸಾವು. ಮಗಳಿಗೆ ಆಗ ಮೂರು ವರ್ಷ.

ಮಣ್ಣು ಕೊಟ್ಟ ಮೇಲೆ ಒಂದು ವಾರ ಮನೆ ತುಂಬ ಜನ ಇದ್ದರು. ಓಣಿಯ ಲಿಂಗಾಯತರ ಮನೆಯವರು, ಸಾಬರ ಮನೆಯವರು ಸರದಿಯ ಮೇಲೆ ರೊಟ್ಟಿ, ಪಲ್ಯ ತಂದರು. ಸಭೆಯವರು ಬಂದು ಹಾಡಿ ಹೋದರು. ಎಲ್ಲರೂ ಒಂದೊಂದು ಸಮಾಧಾನದ ಮಾತು ಇಟ್ಟು ಹೋದರು. ಆ ಮಾತುಗಳೆಲ್ಲ ನನ್ನ ಮೇಲೆ ಹೇರಿದ ಚೀಲಗಳಂತೆ ಅನಿಸಿದವು. ನನ್ನ ತಾಯಿ ರಾಣೇಬೆನ್ನೂರಿಗೆ ಬಾ ಎಂದಳು. ಗಂಡ ಉಂಡ ತಾಟು, ಅವರ ಚಪ್ಪಲಿ ಬಿಟ್ಟು ಹೋಗಲು ನನಗೆ ಆಗಲಿಲ್ಲ. ಜನ ಕರಗಿದರು. ಉಳಿದವಳು ಚಿಗವ್ವ ಒಬ್ಬಳೇ.

ಗೋದಾಮಿನ ಕೆಲಸ ಬಿಟ್ಟ ಕೂಡಲೇ ಆಕೆ ನೇರವಾಗಿ ನಮ್ಮ ಮನೆಗೆ ಬರುತ್ತಿದ್ದಳು. ಬಂದವಳು ಕಟ್ಟೆಯ ಮೇಲೆ ಕೂಡುತ್ತಿದ್ದಳು. ಆಕೆಯ ಸೀರೆಯ ಘಾಟಿಗೆ ನಾನೂ ಮಗಳೂ ಸೀನುತ್ತಿದ್ದೆವು. ಅಳಬೇಡ ಎಂದೂ ಹೇಳಲಿಲ್ಲ, ಅಳು ಎಂದೂ ಹೇಳಲಿಲ್ಲ. ಒಂದೊಂದು ದಿನ ನಾನು ಒಲೆಯೇ ಹೊತ್ತಿಸಿರುತ್ತಿರಲಿಲ್ಲ. ಆಗ ಎದ್ದು ತನ್ನ ಮನೆಗೆ ಹೋಗಿ ಅನ್ನ, ಸಾರು ತಂದು ಮಗಳಿಗೆ ಚಮಚದಿಂದ ಉಣಿಸುತ್ತಿದ್ದಳು. ಮಂಡಿ ಹಿಡಿದುಕೊಂಡು ಎದ್ದು, ನಾಳೆ ಬರುತ್ತೇನೆ ಎಂದಷ್ಟೇ ಹೇಳಿ ಹೋಗುತ್ತಿದ್ದಳು.

ಆ ದಿನಗಳಲ್ಲಿ ಮಗಳಿಗೆ ಒಂದು ಭಯ ಹಿಡಿದುಕೊಂಡಿತು. ನಿಮ್ಮಪ್ಪನನ್ನು ದೇವರು ಕರೆದುಕೊಂಡ ಎಂದು ಬಂದವರೆಲ್ಲ ಅದಕ್ಕೆ ಹೇಳಿದ್ದರು. ಅದು ಬಾಗಿಲ ಬಳಿ ಯಾರ ಹೆಜ್ಜೆ ಸಪ್ಪಳ ಕೇಳಿದರೂ ನನ್ನ ಸೆರಗಿನಲ್ಲಿ ಅಡಗುತ್ತಿತ್ತು. ದೇವರು ನಿನ್ನನ್ನೂ ಒಯ್ಯಲು ಬಂದನೇ ಎಂದು ಕೇಳುತ್ತಿತ್ತು. ಒಂದು ಸಂಜೆ ಚಿಗವ್ವ ಅದನ್ನು ಕೇಳಿಸಿಕೊಂಡಳು. ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು, ದೊಡ್ಡವರಿಗೆ ಹೇಳುವಂತೆಯೇ ಹೇಳಿದಳು.

"ನಿಮ್ಮಪ್ಪ ಕರೆಂಟ್ ಹಿಡದು ಸತ್ತಾನವ್ವ. ದೇವರು ಒಯ್ದಿಲ್ಲ. ದೇವರು ಆಗ ನಿಮ್ಮಪ್ಪನ ಬಾಜೂಕ ಕುಂತು ಅಳಾಕತ್ತಿದ್ದ."

ದೇವರಿಗೆ ಅಳು ಬರುತ್ತದೆಯೇ ಎಂದು ಮಗಳು ಕೇಳಿತು. ಬರುತ್ತದೆ ಎಂದಳು ಚಿಗವ್ವ. ಅಂದಿನಿಂದ ಅದು ಅಡಗುವುದನ್ನು ಬಿಟ್ಟಿತು. ನಾನು ಮಾತ್ರ ಆ ಮಾತಿಗೆ ಇನ್ನಷ್ಟು ಕೆರಳಿದೆ. ಬಾಜೂಕೆ ಕುಳಿತು ಅಳುವ ದೇವರು ಕರೆಂಟನ್ನು ಎರಡು ನಿಮಿಷ ತಡೆಯಬಾರದಿತ್ತೇ? ಮರುದಿನ ಬೆಳಿಗ್ಗೆ ನಡುಮನೆಯ ಗೋಡೆಯ ಮೇಲಿದ್ದ ಯೇಸುವಿನ ಚಿತ್ರವನ್ನು ತಿರುಗಿಸಿ, ಮುಖ ಗೋಡೆಯ ಕಡೆಗೆ ಮಾಡಿ ಹಾಕಿದೆ. ಅದು ನನ್ನ ಮದುವೆಯಲ್ಲಿ ತಂದೆ ಕೊಟ್ಟ ಚಿತ್ರ. ಸಂಜೆ ಚಿಗವ್ವ ಬಂದಳು. ನೋಡಿದಳು. ನನಗೆ ಬೈಯುತ್ತಾಳೆಂದು ಕಾದೆ. ಆಕೆ ಒಂದು ಅರಿವೆ ಕೇಳಿ ಪಡೆದು, ಚಿತ್ರದ ಬೆನ್ನಿಗೆ ಹತ್ತಿದ್ದ ಜೇಡರ ಬಲೆ, ಧೂಳು ಒರೆಸಿ, ಅದನ್ನು ತಿರುಗಿಸದೆ ಹಾಗೆಯೇ ಬಿಟ್ಟಳು.

"ಇರ್ಲಿ ಬಿಡು. ಗ್ವಾಡಿ ಕಡೆ ಮಾರಿ ಮಾಡಿ ಕುಂದ್ರತಾನ. ಮನಿ ಬಿಟ್ಟಂತೂ ಹೋಗಂಗಿಲ್ಲ."

ಆಗ ನಾನು ಕೇಳಿದೆ. ಅಷ್ಟೆಲ್ಲ ಆದ ಮೇಲೆ ನೀನು ಹೇಗೆ ಮಂದಿರಕ್ಕೆ ಹೊಳ್ಳಿ ಹೋದೆ, ನಿನಗೆ ಸಮಾಧಾನ ಎಲ್ಲಿ ಸಿಕ್ಕಿತು ಎಂದು ಸಿಟ್ಟಿನಿಂದಲೇ ಕೇಳಿದೆ. ಸಮಾಧಾನ ಇನ್ನೂ ಸಿಕ್ಕಿಲ್ಲ ಎಂದಳು. ಅಂಥದ್ದು ಇದೆ ಎಂದು ಹೇಳುವವರನ್ನು ನಂಬಬೇಡ ಎಂದಳು. ಆಮೇಲೆ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ಓಣಿಯ ಕಡೆ ನೋಡುತ್ತ, ಅರ್ಧ ತಾಸು ಬಿಡದೆ ಹೇಳಿದಳು. ಅಷ್ಟು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಮಂದಿರಕ್ಕೆ ಆಕೆ ಪ್ರಾರ್ಥನೆಗೆಂದು ಹೋಗಿದ್ದಲ್ಲ, ಬೈಯಲೆಂದು ಹೋಗಿದ್ದು. ತೀರಿಹೋದ ಚಿಕ್ಕ ಮಗನ ಹುಟ್ಟುಹಬ್ಬದ ದಿನ ಅದು. ಗೋದಾಮಿನಿಂದ ಬರುವಾಗ ಮಂದಿರದ ಬಾಗಿಲು ತೆರೆದಿತ್ತು, ಪಾಸ್ಟರಮ್ಮ ಕಸ ಗುಡಿಸುತ್ತಿದ್ದರು. ನನಗೆ ಒಳಗೆ ಮಾತಾಡುವುದಿದೆ, ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ಚಿಗವ್ವ ಕೇಳಿದಳು. ಪಾಸ್ಟರಮ್ಮ ಕಸಬರಿಗೆ ಹಿಡಿದುಕೊಂಡೇ ಹೊರಬಂದು ಬಾಗಿಲು ಎಳೆದುಕೊಂಡರು. ಒಳಗೆ ಚಿಗವ್ವ ಶಿಲುಬೆಯ ಎದುರು ನಿಂತು ಬಾಯಿಗೆ ಬಂದ ಹಾಗೆ ಬೈದಳು. ಗೋದಾಮಿನಲ್ಲಿ ಹೆಂಗಸರು ಜಗಳಕ್ಕೆ ಬಿದ್ದಾಗ ಆಡುವ ಮಾತುಗಳನ್ನೆಲ್ಲ ಆಡಿದಳು. ನಿನ್ನ ಮನೆಯಿಂದ ಹೊರಗೆ ಬಂದು ಮೂರು ತಾಸು ಆಗಿರಲಿಲ್ಲ, ನಿನ್ನ ಹಾಡು ಇನ್ನೂ ನನ್ನ ಮಕ್ಕಳ ಬಾಯಲ್ಲಿತ್ತು ಎಂದು ಕೂಗಿದಳು. ದನಿ ಬಿದ್ದುಹೋದ ಮೇಲೆ ಹೊರಗೆ ಬಂದರೆ ಪಾಸ್ಟರಮ್ಮ ಮೆಟ್ಟಿಲ ಮೇಲೆ ಕುಳಿತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಚಹಾ ಕೊಟ್ಟು, ಮುಗಿಯಿತೇ ಎಂದು ಕೇಳಿದರು. ಇಲ್ಲ ಎಂದಳು ಚಿಗವ್ವ. ಹಾಗಾದರೆ ನಾಳೆ ಬಾ, ಬಾಗಿಲು ತೆಗೆದಿಟ್ಟಿರುತ್ತೇನೆ ಎಂದರು ಪಾಸ್ಟರಮ್ಮ.

ಮೆಣಸಿನಕಾಯಿಯ ಆ ಹಂಗಾಮು ಮುಗಿಯುವವರೆಗೆ ಚಿಗವ್ವ ದಿನವೂ ಹೋಗಿ ಬೈದಳು. ಒಂದು ದಿನ ಹೋಗಿ ನಿಂತರೆ ಬೈಗುಳಗಳು ಖಾಲಿಯಾಗಿದ್ದವು. ಅವತ್ತು ಬಹಳ ಹೆದರಿಕೆಯಾಯಿತಂತೆ. ಸಿಟ್ಟು ಇರುವವರೆಗೆ ಎದುರಿಗೆ ಒಬ್ಬ ಇದ್ದಾನೆ ಅನಿಸುತ್ತಿತ್ತು, ಸಿಟ್ಟೂ ಹೋದರೆ ಇನ್ನು ಯಾರೂ ಇಲ್ಲವಲ್ಲ ಎಂದು. ಅಲ್ಲೇ ನೆಲಕ್ಕೆ ಕುಳಿತಳು.

"ಕುಂತು ಮ್ಯಾಲೆ ನೋಡಿದೆ. ಯಾಕ ಕೈ ಬಿಟ್ಟಿ ದೇವರ ಅಂತ ಯೇಸುನೂ ಕೇಳಿದ್ದನಲ್ಲ, ಶಿಲುಬಿ ಮ್ಯಾಲೆ ತೂಗಾಡಕೋತ. ಅವನಿಗೂ ಯಾರೂ ಉತ್ತರ ಕೊಡಲಿಲ್ಲ. ಎಷ್ಟೋ ವರ್ಷದಿಂದ ಕೇಳಿದ್ದೆ ಅದನ್ನ. ಆವತ್ತ ತಿಳೀತು. ನನಗ ಉತ್ತರ ಸಿಗಲಿಲ್ಲವ್ವ. ನನ್ನಂಗ ಕೇಳಿದಾವ ಒಬ್ಬ ಸಿಕ್ಕ."

ಅಷ್ಟೇ ತನ್ನ ನಂಬಿಕೆ, ಅದಕ್ಕಿಂತ ಹೆಚ್ಚು ಇಲ್ಲ ಎಂದಳು. ಅದು ಒಂದು ದಿನ ದೂಡಲು ಸಾಕಾಗುತ್ತದೆ, ಒಮ್ಮೊಮ್ಮೆ ಅದಕ್ಕೂ ಸಾಲುವುದಿಲ್ಲ ಎಂದಳು.

ಮರುವಾರ ನನ್ನನ್ನು ಮಂದಿರಕ್ಕೆ ಕರೆದೊಯ್ದಳು. ಮಗಳನ್ನು ಎತ್ತಿಕೊಂಡು ತಾನು ಹೊರಗೆ ಮೆಟ್ಟಿಲ ಮೇಲೆ ಕುಳಿತು ಬಾಗಿಲು ಎಳೆದುಕೊಂಡಳು. ಬೈಯಲು ನನಗೆ ಬಾಯಿ ಬರಲಿಲ್ಲ. ನಾಲ್ಕು ಗೋಡೆ, ಸಾಲಾಗಿ ಇಟ್ಟ ಪ್ಲಾಸ್ಟಿಕ್ ಕುರ್ಚಿಗಳು, ತಗಡಿನ ಬಿಸಿ. ಏನೂ ಆಗಲಿಲ್ಲ. ಹೊರಗೆ ಬಂದು ಹಾಗೆಯೇ ಹೇಳಿದೆ. ತನಗೂ ಎಷ್ಟೋ ದಿನ ಏನೂ ಆಗಿರಲಿಲ್ಲ ಎಂದಳು. ಆದರೂ ಆಕೆ ಬಂದು ಕರೆದಾಗ ನಾನು ಹೋಗುತ್ತಿದ್ದೆ. ರವಿವಾರ ಕೊನೆಯ ಸಾಲಿನಲ್ಲಿ ಆಕೆಯ ಪಕ್ಕ ಕೂಡುತ್ತಿದ್ದೆ. ಹಾಡದ ಇಬ್ಬರು ಹೆಂಗಸರು ನಾವು. ಈ ನಡುವೆ ನನಗೆ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು, ಮಗಳು ಶಾಲೆಗೆ ಹೋಗತೊಡಗಿತು. ಬದುಕು ಸುಧಾರಿಸಿತು ಎಂದು ಜನ ಅಂದರು. ನಾನು ಬೆಳಿಗ್ಗೆ ಏಳುತ್ತಿದ್ದೆ, ಅಷ್ಟು ನಿಜ.

ಚಿಗವ್ವನಿಗೆ ಕೆಮ್ಮು ಮೊದಲಿನಿಂದಲೂ ಇತ್ತು. ತೊಟ್ಟು ಬಿಡಿಸುವವರಲ್ಲಿ ಕೆಮ್ಮದವರು ಯಾರು ಎಂದು ಆಕೆ ತಳ್ಳಿಹಾಕುತ್ತಿದ್ದಳು. ಹೋದ ವರ್ಷ ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟತೊಡಗಿತು. ಹಾವೇರಿಯ ಆಸ್ಪತ್ರೆಗೆ ಕರೆದೊಯ್ದೆ. ವರ್ಷಾನುಗಟ್ಟಲೆ ಧೂಳು ಕುಡಿದ ಶ್ವಾಸಕೋಶ, ಬಹಳ ತಡವಾಗಿದೆ ಎಂದರು. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿ ಮಲಗಿಸಿದರು. ಹಲಗೇರಿಯಿಂದ ತಂಗಿ ಬಂದಳು. ಇಬ್ಬರಿಗೂ ಮಾತು ಶುರುವಾಗಿ ಕೆಲವು ವರ್ಷವಾಗಿತ್ತು, ಆದರೆ ಹೊಂಡದ ಸುದ್ದಿ ಎತ್ತುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ತಂಗಿ ಹಣಿಗೆ ಹಿಡಿದು ಅಕ್ಕನ ತಲೆ ಬಾಚುತ್ತಿದ್ದಾಗ ಚಿಗವ್ವ ತಾನಾಗಿಯೇ ಅದನ್ನು ಎತ್ತಿದಳು. "ನೀ ಎಳದದ್ದು ಛಲೋ ಆತು ಅಂತ ನಾ ಹೇಳಂಗಿಲ್ಲ. ಆದ್ರ ನಿನ್ನ ಮ್ಯಾಲೆ ಸಿಟ್ಟಿಲ್ಲ." ತಂಗಿ ಹಣಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋಗಿ ಅತ್ತಳು. ಬಂದು ಅರ್ಧ ಉಳಿದಿದ್ದ ಹೆರಳು ಹಾಕಿ ಮುಗಿಸಿದಳು.

ಆ ದಿನ ಮಧ್ಯಾಹ್ನ ತಂಗಿ ಊಟಕ್ಕೆ ಹೋದಾಗ ಹಾಸಿಗೆಯ ಬಳಿ ನಾನೊಬ್ಬಳೇ ಇದ್ದೆ. ಚಿಗವ್ವ ಕಣ್ಣು ಬಿಟ್ಟುಕೊಂಡು ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದಳು. ನನ್ನನ್ನು ಹತ್ತಿರ ಕರೆದಳು. ಆಕೆಯ ಮುಖದಲ್ಲಿ ನಾನು ಅಷ್ಟು ಭಯವನ್ನು ಹಿಂದೆ ಕಂಡಿರಲಿಲ್ಲ.

"ನಾ ಹೋಗತೇನಿ. ಅಲ್ಲಿ ಅವರು ಇರ್ಲಿಲ್ಲಂದ್ರ?"

ಗಂಡ, ಇಬ್ಬರು ಮಕ್ಕಳು. ಇಷ್ಟು ವರ್ಷ ಕೊನೆಯ ಸಾಲಿನಲ್ಲಿ ಕುಳಿತು ಆಕೆ ಕಾದದ್ದು ಅದೊಂದಕ್ಕೇ ಎಂದು ನನಗೆ ಆಗ ತಿಳಿಯಿತು. ನನ್ನನ್ನು ಎತ್ತಿ ನಿಲ್ಲಿಸಿದವಳಿಗೇ ನಿಲ್ಲಲು ನೆಲವಿಲ್ಲದಿದ್ದರೆ ನಾನು ಏನು ಹೇಳಲಿ?

"ಇರ್ತಾರ ಚಿಗವ್ವ," ಎಂದೆ.

"ನಿನಗ ಖಾತ್ರಿ ಐತೇನು?"

ಆ ಕಣ್ಣುಗಳ ಮುಂದೆ ಸುಳ್ಳು ಹೇಳಲು ಆಗಲಿಲ್ಲ. ಇಲ್ಲ ಎಂದೆ. ಅಂದ ಕೂಡಲೇ ಎಂಥ ತಪ್ಪು ಮಾಡಿದೆ ಅನಿಸಿತು. ಸಾಯುವವಳಿಗೆ ಒಂದು ಹೌದು ಕೊಡಲು ನನ್ನಿಂದ ಆಗದೆ ಹೋಯಿತು. ಆಕೆ ಸಿಟ್ಟಾಗಲಿಲ್ಲ. ಉಸಿರು ಎಳೆದುಕೊಳ್ಳುತ್ತ ನನ್ನನ್ನು ನೋಡಿದಳು. ಮುಖ ಸ್ವಲ್ಪ ಸಡಿಲವಾಯಿತು.

"ನನಗೂ ಇಲ್ಲ. ಹಂಗಾದ್ರ ಇಬ್ರೂ ಕೂಡಿ ನಂಬೂಣು. ಒಬ್ಬಾಕಿಗೆ ಆಗವಲ್ದು."

ಹೂಂ ಎಂದೆ. ಆಕೆ ಕೈ ಚಾಚಿದಳು. ತಿಂಗಳಿಂದ ಕಾಯಿ ಮುಟ್ಟದ ಬೆರಳುಗಳು ಬಣ್ಣ ಬಿಟ್ಟು ಬೆಳ್ಳಗಾಗಿದ್ದವು. ತಂಗಿ ಊಟ ಮುಗಿಸಿ ಬರುವವರೆಗೆ ಹಿಡಿದುಕೊಂಡು ಕುಳಿತೆ.

ಎರಡು ದಿನದ ಮೇಲೆ ಬೆಳಿಗ್ಗೆ ಆಕೆ ಹೋದಳು. ನಾನು ಹತ್ತಿರ ಇರಲಿಲ್ಲ. ಮಗಳನ್ನು ಶಾಲೆಗೆ ಬಿಟ್ಟು ಬಸ್ಸು ಹತ್ತಿದ್ದೆ. ಮೋಟೆಬೆನ್ನೂರು ದಾಟುವಾಗ ತಂಗಿಯ ಫೋನು ಬಂತು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದಾಗ ನನಗೆ ಊರಿನ ಹೆಸರೇ ನೆನಪಾಗಲಿಲ್ಲ. ಕೊನೆಯಲ್ಲಿ ಏನಾದರೂ ಅಂದಳೇ ಎಂದು ಆಮೇಲೆ ಕೇಳಿದೆ. ಏನೂ ಅನ್ನಲಿಲ್ಲವಂತೆ. ಕಷ್ಟಪಟ್ಟಳಂತೆ.

ಊರ ಹೊರಗಿನ ನಮ್ಮ ಸಮಾಧಿ ಭೂಮಿಯಲ್ಲಿ ಆ ಮೂವರು ಒತ್ತಾಗಿ ಮಲಗಿದ್ದಾರೆ. ಪಕ್ಕದಲ್ಲಿ ಜಾಗ ಉಳಿದಿರಲಿಲ್ಲ. ಮಕ್ಕಳ ಕಾಲ ದಿಕ್ಕಿನಲ್ಲಿ ಅಡ್ಡಲಾಗಿ ಕುಣಿ ತೋಡಿದರು. ನಮ್ಮ ಸಹೋದರಿ ಪೂರ್ಣ ಸಮಾಧಾನದಿಂದ ನಿದ್ರೆಹೋದಳು ಎಂದು ಪಾಸ್ಟರು ಹೇಳಿದರು. ಅವರದು ಒಳ್ಳೆಯ ಮನಸ್ಸು. ನಾನು ತಿದ್ದಲಿಲ್ಲ. ಪಾಸ್ಟರಮ್ಮ ನನ್ನ ಕಡೆ ನೋಡಿದರು. ಅವರಿಗೂ ಗೊತ್ತಿತ್ತು.

ಈಗ ಕೊನೆಯ ಸಾಲಿನಲ್ಲಿ ನಾನು ಮಗಳ ಜೊತೆ ಕೂಡುತ್ತೇನೆ. ನನ್ನ ಗಂಡ ಹಿಂದಿರುಗಿ ಬಂದಿಲ್ಲ, ಚಿಗವ್ವ ಕನಸಿನಲ್ಲಿ ಬಂದು ಏನೂ ಹೇಳಿಲ್ಲ. ಎಷ್ಟೋ ರವಿವಾರ ಒಳಗೆ ಬರಿದಾಗಿಯೇ ಹೋಗುತ್ತೇನೆ, ಬರಿದಾಗಿಯೇ ಬರುತ್ತೇನೆ. ಸತ್ತವರು ಏಳುತ್ತಾರೆಂದು ನಂಬುತ್ತೇವೆ ಎಂದು ಆರಾಧನೆಯ ನಡುವೆ ಎಲ್ಲರೂ ನಿಂತು ಒಟ್ಟಿಗೆ ಹೇಳುವುದುಂಟು. ಗಂಡ ಸತ್ತ ಮೇಲೆ ಆ ಮಾತು ಬಂದಾಗ ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಈಗ ಹೇಳುತ್ತೇನೆ. ಖಾತ್ರಿಯಾಗಿದೆ ಎಂದಲ್ಲ. ಹೂಂ ಎಂದು ಒಬ್ಬಳಿಗೆ ಮಾತು ಕೊಟ್ಟಿದ್ದೇನೆ.